ಪ್ಲಾಸ್ಟಿಕ್ ಬಗ್ಗೆ ಮಾತಾಡಲು ಯಾರ ಕಲೆ ತೋರಿಸೋದು?

ಮಕ್ಕಳಿಗೆ ಅಮೆರಿಕದ ಛಾಯಾಗ್ರಾಹಕ ಕ್ರಿಸ್ ಜೋರ್ಡನ್, ಅಮೆರಿಕದ ಶಿಲ್ಪಿ ಟಾರಾ ಡೊನೊವನ್, ಬ್ರಿಟನ್ನಿನ ಶಿಲ್ಪಿ ಟೋನಿ ಕ್ರ್ಯಾಗ್, ಈ ಮೂವರಲ್ಲಿ ಯಾರ ಕೆಲಸ ತೋರಿಸೋದು ಅಂತ ಕೇಳಿದ್ದೀರಿ.

ಮೊದಲು ವಯಸ್ಸು ನೋಡಿ. ಜೋರ್ಡನ್ 2009ರಿಂದ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ತೆಗೆದ ಫೋಟೋಗಳಲ್ಲಿ ಆಲ್ಬಟ್ರಾಸ್ ಎಂಬ ಕಡಲ ಹಕ್ಕಿಯ ಸತ್ತ ಮರಿಗಳಿವೆ. ಕೊಳೆತ ಗರಿಗಳ ನಡುವೆ, ಹೊಟ್ಟೆಯಿದ್ದ ಜಾಗದಲ್ಲಿ, ಬಣ್ಣಬಣ್ಣದ ಬಾಟಲಿ ಮುಚ್ಚಳ, ಸಿಗರೇಟ್ ಲೈಟರ್. ಆಹಾರ ಅಂದುಕೊಂಡು ತಾಯಿ-ತಂದೆ ಹಕ್ಕಿಗಳೇ ತಿನ್ನಿಸಿದ್ದು. ಹದಿಹರೆಯದವರಿಗೆ ಸರಿ, ಪುಟಾಣಿಗಳಿಗೆ ಜಾಸ್ತಿಯೇ ಆಯಿತು ಅಲ್ವಾ?

ಡೊನೊವನ್ ಲಕ್ಷಾಂತರ ಪಾರದರ್ಶಕ ಪ್ಲಾಸ್ಟಿಕ್ ಕಪ್‌ಗಳನ್ನು ನೆಲದ ಮೇಲೆ ಪೇರಿಸಿ ಗುಡ್ಡಗಳ ಸಾಲು ಮಾಡುತ್ತಾರೆ. ಬೈಗುಳವಿಲ್ಲ, ಬರೀ ಬೆರಗು. ಎಲ್ಲ ವಯಸ್ಸಿಗೂ ಸಲ್ಲುತ್ತದೆ. ಆದರೆ ಕಸದ ಮಾತು ತಾನಾಗೇ ಬಂದರೆ ಬಂತು, ಇಲ್ಲದಿದ್ದರೆ ನೀವೇ ಎತ್ತಬೇಕು. ಸ್ಕ್ರೀನ್ ಮೇಲೆ ಅದರ ಗಾತ್ರವೂ ಗೊತ್ತಾಗುವುದಿಲ್ಲ.

ಕೈಯಾರೆ ಏನಾದರೂ ಮಾಡಿಸಬೇಕಾ? ಹಾಗಾದರೆ ಕ್ರ್ಯಾಗ್. 1981ರ ಕೃತಿಯಲ್ಲಿ ಸಿಕ್ಕಸಿಕ್ಕ ಪ್ಲಾಸ್ಟಿಕ್ ಚೂರುಗಳನ್ನೇ ಗೋಡೆಗೆ ಜೋಡಿಸಿ, ಅಡ್ಡ ಮಲಗಿದ ಬ್ರಿಟನ್ ನಕ್ಷೆ ಮಾಡಿದ್ದಾರೆ. ಪಕ್ಕದಲ್ಲಿ ಅದನ್ನು ನೋಡುತ್ತ ನಿಂತ ಮನುಷ್ಯ. ಖರ್ಚು ಕಡಿಮೆ. ಚೂರುಗಳನ್ನು ತೊಳೆಯಿರಿ, ಚೂಪಾದವನ್ನು ಬೇರೆ ಮಾಡಿ. ಅರ್ಧ ದಿನ ಬೇಕು.

ಬರೀ ಪ್ರೊಜೆಕ್ಟರ್, ಒಂದು ಗಂಟೆ, ದೊಡ್ಡ ಮಕ್ಕಳು ಅಂದರೆ ಜೋರ್ಡನ್ ಸಾಕು.