ಸೇವಂತಿಗೆ ಕೋಣೆಯ ಟೈಮರ್: ಮೂರು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ ನಮ್ಮದು. ಮಳೆಗಾಲದಲ್ಲಿ ಸೇವಂತಿಗೆ ಕುಂಡ ಅಂಗಳದಲ್ಲಿದ್ದರೆ ಬೇರು ಕೊಳೆಯುತ್ತದೆ. ಹಾಗಾಗಿ ಮಾಳಿಗೆಯ ಕೋಣೆಯಲ್ಲಿ ಎಲ್‌ಇಡಿ ದೀಪದಡಿ ಬೆಳೆಸುತ್ತೇನೆ. ಆ ದೀಪ ಹತ್ತಿಸಿ ಆರಿಸುವ, ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಬಗ್ಗೆ ಬರೆಯುತ್ತಿದ್ದೇನೆ.

ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಸಸಿ ಬೆಳೆಯುವಷ್ಟು ದಿನ 16 ಗಂಟೆ ಬೆಳಕು ಕೊಡುತ್ತೇನೆ. ಹೂ ಬೇಕೆಂದಾಗ 11 ಗಂಟೆಗೆ ಇಳಿಸಿ, 13 ಗಂಟೆ ಎಡೆಬಿಡದ ಕತ್ತಲೆ. ಮೂರ್ನಾಲ್ಕು ವಾರಕ್ಕೆ ಮೊಗ್ಗು ಕಾಣುತ್ತದೆ, ಅರಳಲು ತಳಿ ನೋಡಿಕೊಂಡು ಒಂಬತ್ತು ಹತ್ತು ವಾರ ಬೇಕು. 2025ರಲ್ಲಿ ದೀಪಾವಳಿ ಅಕ್ಟೋಬರ್ 20ಕ್ಕೇ ಬಂದದ್ದರಿಂದ ಆಗಸ್ಟ್ 10ಕ್ಕೇ ಬದಲಿಸಿದ್ದೆ.

ಇದಕ್ಕೂ ಮೊದಲು ಚಕ್ರ ತಿರುಗುವ ಅಗ್ಗದ ಟೈಮರ್ ಇತ್ತು. ಕರೆಂಟು ಹೋದರೆ ಅದರ ಚಕ್ರವೂ ನಿಲ್ಲುತ್ತದೆ. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಆರು ಗಂಟೆ ಕರೆಂಟಿಲ್ಲ ಅಂದರೆ ಟೈಮರ್ ಆರು ಗಂಟೆ ಹಿಂದೆ. ಬೆಳಗ್ಗೆ ಏಳಕ್ಕೆ ಹತ್ತಬೇಕಾದ ದೀಪ ಮಧ್ಯಾಹ್ನ ಒಂದಕ್ಕೆ ಹತ್ತಿ ನಡುರಾತ್ರಿವರೆಗೆ ಉರಿಯುತ್ತಿತ್ತು. ಬೆಳಗಿನ ಬೆಳಕಂತೂ ಗಾಜಿನ ಹೆಂಚಿನಿಂದ ಬಂದೇ ಬರುತ್ತದೆ. ಗಿಡಕ್ಕೆ ಹಗಲು ಮುಗಿಯಲೇ ಇಲ್ಲ. ಎದೆಯೆತ್ತರ ಬೆಳೆದವು, ಒಂದೂ ಮೊಗ್ಗಿಲ್ಲ. ಗೋಪೂಜೆಯ ಹಾರಕ್ಕೆ ಪೇಟೆಯಿಂದ ಹೂ ತಂದಾಗ ನಿಜಕ್ಕೂ ಬೇಜಾರಾಯಿತು.

ಈ ಡಿಜಿಟಲ್ ಟೈಮರ್ ಬಂದ ಮೇಲೆ ಕರೆಂಟು ಎಷ್ಟು ಸಲ ಹೋದರೂ ಗಡಿಯಾರ ತಪ್ಪಲಿಲ್ಲ. ಮೊದಲ ವರ್ಷವೇ ಹಬ್ಬಕ್ಕೆ ಹಳದಿ ಹೂ ಬುಟ್ಟಿ ತುಂಬ ಸಿಕ್ಕಿತು. ಆದರೂ ಗಾಜಿನ ಹೆಂಚಿನ ಕೆಳಗಿದ್ದ ನಾಲ್ಕು ಕುಂಡ ಮಾತ್ರ ಹಸಿರಾಗಿಯೇ ಉಳಿದವು. ರಾತ್ರಿಯಿಡೀ ಉರಿಯುವ ಅಂಗಳದ ಬಲ್ಬಿನ ಬೆಳಕು ಅಲ್ಲಿಂದ ಇಳಿಯುತ್ತಿತ್ತು! ಈಗ ಹೂವಿನ ಕಾಲಕ್ಕೆ ಆ ಹೆಂಚಿಗೆ ಒಳಗಿನಿಂದ ಕಪ್ಪು ಟಾರ್ಪಾಲು ಕಟ್ಟುತ್ತೇನೆ. ಟೈಮರ್ ದೀಪ ಆರಿಸುತ್ತದೆ ಅಷ್ಟೆ, ಕತ್ತಲೆ ನಾವೇ ಮಾಡಬೇಕು.

ಕೊರತೆಗಳೂ ಇವೆ. ಗುಂಡಿಗಳು ತೀರಾ ಚಿಕ್ಕವು, ಅತ್ತೆಯವರಿಗೆ ಕನ್ನಡಕ ಹಾಕಿದರೂ ಒತ್ತಲಾಗುವುದಿಲ್ಲ. ಸಮಯ ಹೊಂದಿಸಿದ ಮೇಲೆ ‘ಆಟೋ’ಗೆ ತರಲು ಮರೆತು ‘ಆನ್’ನಲ್ಲೇ ಬಿಟ್ಟರೆ ದೀಪ ಹಗಲುರಾತ್ರಿ ಉರಿಯುತ್ತದೆ. ಒಳಗಿನ ಬ್ಯಾಟರಿಯನ್ನು ನಾವು ಬದಲಿಸುವಂತಿಲ್ಲ. ಮೂರನೇ ಮಳೆಗಾಲದಲ್ಲಿ ಎರಡು ದಿನ ಕರೆಂಟು ಬಾರದೆ ಇದ್ದಾಗ ಪರದೆ ಖಾಲಿಯಾಗಿ, ಹೊಂದಿಸಿದ್ದೆಲ್ಲ ಅಳಿಸಿಹೋಗಿತ್ತು. ಅವತ್ತಿನಿಂದ ಸಮಯಗಳನ್ನು ಚೀಟಿಯಲ್ಲಿ ಬರೆದು ಪ್ಲಗ್ಗಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಮುಂದಿನ ಜೂನ್‌ಗೆ ಇದೇ ತರಹದ್ದು ಹೊಸದೊಂದು ತರುತ್ತೇನೆ.