ಎಚ್‌ಎಲ್‌ಎ ಟೈಪಿಂಗ್: ಎಸ್‌ಎಸ್‌ಒ, ಎನ್‌ಜಿಎಸ್ ಎರಡನ್ನೂ ಮಾಡಿಸಿದ ಮೇಲೆ

ಕಸಿಗೆ ದಾನಿ ಹೊಂದುತ್ತಾರೋ ಎಂದು ನೋಡುವ ಜೀನ್ ಪರೀಕ್ಷೆಯೇ ಎಚ್‌ಎಲ್‌ಎ ಟೈಪಿಂಗ್. ಎಸ್‌ಎಸ್‌ಒ ಅದರ ಮೇಲುಮೇಲಿನ ವಿಧಾನ, ಎನ್‌ಜಿಎಸ್ ಪೂರ್ತಿ ವಿವರ ಕೊಡುವ ವಿಧಾನ. ಅಸ್ಥಿಮಜ್ಜೆ ಕಸಿಗೆ ಮನೆ ಮಕ್ಕಳಲ್ಲಿ ದಾನಿ ಸಿಗದಿದ್ದರೆ ನೇರವಾಗಿ ಎನ್‌ಜಿಎಸ್ ಮಾಡಿಸಿ. ದುಡ್ಡು ಜಾಸ್ತಿ, ಆದರೂ ಅದೇ ಮಾಡಿಸಿ.

ತಂಗಿಯ ಮಗನಿಗೆ ಎಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮಜ್ಜೆಯಲ್ಲಿ ಸಾಕಷ್ಟು ರಕ್ತಕಣ ಆಗದ ರೋಗ. ಅಸ್ಥಿಮಜ್ಜೆ ಕಸಿ ಬೇಕಿತ್ತು. ಬಳ್ಳಾರಿಯಿಂದ ಬೆಂಗಳೂರಿಗೆ ರಕ್ತ ಕಳಿಸಿ ಮೊದಲು ಎಸ್‌ಎಸ್‌ಒ ಮಾಡಿಸಿದೆವು. ಅಗ್ಗ, ವರದಿಯೂ ಬೇಗ ಬಂತು. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವನಿಗಿರುವುದು ಒಬ್ಬಳೇ ಅಕ್ಕ, ಅವಳದು ಹೊಂದಲಿಲ್ಲ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಉಂಟಲ್ವಾ, ತಂಗಿಯದೂ ಅಂಥದೇ ಮದುವೆ. ಅಂಥ ಮನೆಗಳಲ್ಲಿ ಹತ್ತಿರದ ನೆಂಟರೂ ಹೊಂದಬಹುದು ಎಂದರು ಡಾಕ್ಟರು. ನೋಡಿದರೆ ನನ್ನ ಮಗನದು ಎಲ್ಲ ಸಾಲಿನಲ್ಲೂ ಹೊಂದಿತ್ತು. ಮನೆಯಲ್ಲಿ ಹಬ್ಬದ ಸಂಭ್ರಮ.

ತೊಡಕು ಇಲ್ಲೇ ಇತ್ತು. ಇಬ್ಬರ ವರದಿಯಲ್ಲೂ ಎ ಜೀನಿನ ಸಾಲಿನಲ್ಲಿ ಎ*02 ಎಂದಷ್ಟೇ ಬರೆದಿತ್ತು. ಇದು ಮನೆತನದ ಹೆಸರು ಹೇಳಿ ಆಳಿನ ಹೆಸರು ಬಿಟ್ಟಂತೆ. ಯುರೋಪಿನವರಲ್ಲಿ ಎ*02 ಎಂದರೆ ಹೆಚ್ಚಾಗಿ 02:01. ನಮ್ಮ ದೇಶದಲ್ಲಿ 02:11, 02:06, 02:03 ಕೂಡ ಸಿಗುತ್ತವೆ. ಅಂದರೆ ಕೋಲನ್ ಆಚೆಗಿನ ಅಂಕಿ ಇಲ್ಲದ ವರದಿ ನಮ್ಮವರಿಗೆ ಇನ್ನೂ ಕಡಿಮೆ ಉಪಯೋಗ. ಪ್ಯಾಕೇಜ್ ಕೊಟ್ಟ ಲ್ಯಾಬಿನವರು ಇದನ್ನು ಹೇಳಲೇ ಇಲ್ಲ. ಎನ್‌ಜಿಎಸ್ ಮಾಡಿಸಿದಾಗ ಹುಡುಗನದು 02:11, ನನ್ನ ಮಗನದು 02:01 ಎಂದು ಬಂತು. ಅಷ್ಟು ದಿನ ನಂಬಿಕೊಂಡು ಕೂತಿದ್ದೆವು. ಆ ರೋಗದಲ್ಲಿ ದಿನಗಳಿಗೆ ಬೆಲೆ ಕಟ್ಟಲಾಗದು.

ಎರಡನೇ ಸಲ ಹುಡುಗನ ರಕ್ತ ಬೇಡ, ಕೆನ್ನೆಯ ಒಳಗಿನ ಸ್ವ್ಯಾಬ್ ಸಾಕು ಎಂದರು. ಡಿಎನ್‌ಎ ರಕ್ತದಲ್ಲಿ ಸಿಗುವುದು ಬಿಳಿ ಕಣಗಳಿಂದ, ಅವನಲ್ಲಿ ಅವೇ ಕಡಿಮೆ. ಬಾಯಿ ತೊಳೆದು ಸ್ವಲ್ಪ ಹೊತ್ತು ಬಿಟ್ಟು ಕೊಡಬೇಕು. ಎಲೆಅಡಿಕೆ ಹಾಕುವ ಹಿರಿಯರಿಗೆ ಮೊದಲೇ ಹೇಳಿಡಿ.

ಸ್ಯಾಂಗರ್ ವಿಧಾನವೂ ಇದೆ. ಅದು ಅಪ್ಪನ ಕಡೆಯ, ಅಮ್ಮನ ಕಡೆಯ ಜೀನಿನ ಎರಡೂ ಪ್ರತಿಗಳನ್ನು ಒಟ್ಟಿಗೇ ಓದುತ್ತದೆ. ಯಾವ ಬದಲಾವಣೆ ಯಾವ ಪ್ರತಿಯದು ಎಂಬ ಗೊಂದಲ ಉಳಿಯಬಹುದು. ಎನ್‌ಜಿಎಸ್ ಒಂದೊಂದು ತುಣುಕನ್ನೂ ಬೇರೆಬೇರೆಯಾಗಿ ಓದುವುದರಿಂದ ಆ ಗೊಂದಲ ಬಹಳ ಕಡಿಮೆ. ಎಸ್‌ಎಸ್‌ಪಿ ಎಂಬ ಇನ್ನೊಂದು ವಿಧಾನ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ, ಮೃತರ ಅಂಗ ಬಂದಾಗಿನ ಅವಸರಕ್ಕೆ ಸರಿ.

ಎನ್‌ಜಿಎಸ್ ವರದಿ ತಡ. ಹಲವರ ಸ್ಯಾಂಪಲ್ ಒಟ್ಟುಗೂಡಿದ ಮೇಲೆ ಮಷಿನ್ ಓಡಿಸುತ್ತಾರೆ.

ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಆರ್ಡರ್ ಇದ್ದಾಗ ಮಾತ್ರ ಕೈಯಲ್ಲಿ ಕಾಸು. ಅದಕ್ಕೇ ಒಂದೇ ಸಲ ಕೊಟ್ಟು ಮುಗಿಸುವುದು ನನಗೆ ಹಿತ. ದಾತ್ರಿಯಂಥ ದಾನಿಗಳ ಪಟ್ಟಿಯಲ್ಲಿ ಹುಡುಕಲು ಎ, ಬಿ, ಸಿ, ಡಿಆರ್‌ಬಿ1 ಈ ನಾಲ್ಕು ಜೀನುಗಳಾದರೂ ಪೂರ್ತಿ ಅಂಕಿಯಲ್ಲಿ ಬೇಕು. ಈಗಿನ ಹುಡುಕಾಟಕ್ಕೆ ಹೋಗಿರುವುದು ನಮ್ಮ ಎನ್‌ಜಿಎಸ್ ವರದಿಯೇ.