ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸುವವರೇ, ಅಡ್ವಾನ್ಸ್ ಕಟ್ಟುವ ಮೊದಲು ಬಿಸಿಲಿನ ಬಗ್ಗೆ ಕೇಳಿ

ಪುಣೆಯಲ್ಲಿರುವ ನಮ್ಮವರು ಯಾರಾದರೂ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಬೇಕು ಅಂದುಕೊಂಡಿದ್ದರೆ, ಅದರಲ್ಲೂ ನಿಮ್ಮ ಕೆಲಸ ನನ್ನ ಹಾಗೆ ಬಿಸಿಲಲ್ಲಿ ಇದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಾಲ್ಕು ತಿಂಗಳಿಂದ ಬರೆಯಬೇಕು ಅಂತ ಕೂತು ಕೂತು ಎದ್ದಿದ್ದೇನೆ. ನಾಚಿಕೆ. ತಲೆಗೆ ಕೂದಲು ನೆಡಿಸಿಕೊಂಡಿದ್ದನ್ನೇ ಯಾರಿಗೂ ಹೇಳಿರಲಿಲ್ಲ, ಊರಲ್ಲಿ ಅವ್ವನಿಗೆ ಈಗಲೂ ಗೊತ್ತಿಲ್ಲ, ಇನ್ನು ಮೋಸ ಹೋದದ್ದನ್ನು ಯಾವ ಬಾಯಲ್ಲಿ ಹೇಳೋದು. ಆದರೆ ಮೊನ್ನೆ ನಮ್ಮ ರೂಮಿನ ಹುಡುಗನೊಬ್ಬ ಅದೇ ಕ್ಲಿನಿಕ್ಕಿಗೆ ಅಡ್ವಾನ್ಸ್ ಕಟ್ಟೋಕೆ ಹೊರಟಿದ್ದ. ಅವನಿಗೂ ಹೇಳಿದ್ದಾರೆ, "ಐದನೇ ದಿನ ಡ್ಯೂಟಿಗೆ ಹೋಗಬಹುದು" ಅಂತ. ನನಗೆ ಹೇಳಿದ್ದೂ ಇದೇ ಮಾತು! ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ನಾನು ವಾಕಡ್ ಹತ್ತಿರ ಒಂದು ಬಿಲ್ಡಿಂಗ್ ಸೈಟಿನಲ್ಲಿ ಎಂಜಿನಿಯರ್. ವಯಸ್ಸು 31, ಊರು ವಿಜಯಪುರದ ಕಡೆ. ಹಣೆಯ ಮೇಲೆ ಕೂದಲು ಪೂರ್ತಿ ಹಿಂದೆ ಸರಿದಿತ್ತು. ಎರಡು ಕಡೆ ಹುಡುಗಿ ಮನೆಯವರು ಫೋಟೋ ನೋಡಿ ಸುಮ್ಮನಾದರು. ಅದು ಎಷ್ಟು ಚುಚ್ಚುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಹಾಗಾಗಿ ಹೋದೆ.

ಮೊದಲ ದಿನವೇ ಅಲ್ಲಿನ ಕೌನ್ಸೆಲರ್‌ಗೆ ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ನನ್ನ ಕೆಲಸ ಸೈಟಿನಲ್ಲಿ. ದಿನವಿಡೀ ಬಿಸಿಲು. ಮಾರ್ಚ್ ತಿಂಗಳು ಬೇರೆ. ಈಗ ಮಾಡಿಸಬಹುದಾ, ಇಲ್ಲಾ ಮಳೆಗಾಲಕ್ಕೆ ಬರಲಾ?" ಇಷ್ಟು ಬಿಡಿಸಿ ಕೇಳಿದ್ದೇನೆ. ಆಕೆ ನಕ್ಕು, "ಟೆನ್ಷನ್ ತಗೋಬೇಡಿ ಸರ್, ನಮ್ಮದು ಸ್ಪೆಷಲ್ ಕಿಟ್ ಇದೆ, ಬಿಸಿಲಿನ ಕಿರಣ ತಡೆಯೋ ಯುವಿ ಕ್ಯಾಪ್ ಮತ್ತೆ ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಸ್ಪ್ರೇ, ಐದನೇ ದಿನ ಆರಾಮಾಗಿ ಡ್ಯೂಟಿಗೆ ಹೋಗಿ" ಅಂದಳು. ಮೇಲಿಂದ, ಈ ತಿಂಗಳ ಆಫರ್ ಮುಂದಿನ ತಿಂಗಳು ಇರಲ್ಲ ಅಂತ. ಅಲ್ಲೇ 20,000 ಅಡ್ವಾನ್ಸ್ ಕಟ್ಟಿದೆ. ಗ್ರಾಫ್ಟ್ ಅಂದರೆ ತಲೆಯ ಹಿಂಭಾಗದಿಂದ ಬೇರು ಸಮೇತ ತೆಗೆದು ಮುಂದೆ ನೆಡುವ ಕೂದಲಿನ ಸಣ್ಣ ಗುಂಪು. ಒಂದು ಗ್ರಾಫ್ಟಿಗೆ 35 ರೂಪಾಯಿ ಲೆಕ್ಕ, 3,000 ಗ್ರಾಫ್ಟ್. ಕಿಟ್ಟಿಗೆ ಬೇರೆ 6,500. ಆ ಕಿಟ್ಟಿನ ಬಗ್ಗೆ ಆಮೇಲೆ ಹೇಳುತ್ತೇನೆ.

ಆಪರೇಷನ್ ಶನಿವಾರ. ಬೆಳಿಗ್ಗೆ 7ಕ್ಕೆ ಬರಹೇಳಿದರು. ತಲೆ ಬೋಳಿಸಿದರು, ಒಂದು ಮಾತ್ರೆ ಕೊಟ್ಟರು, ಕಣ್ಣು ಸ್ವಲ್ಪ ಭಾರ ಆಗುವ ಹೊತ್ತಿಗೆ ಒಂದು ಫೈಲ್ ತಂದು, ಇಲ್ಲಿ ಸಹಿ, ಇಲ್ಲಿ ಸಹಿ, ಇಲ್ಲೊಂದು ಸಹಿ ಅಂತ ಬೆರಳಿಟ್ಟು ತೋರಿಸಿದರು. ಆಪರೇಷನ್ನಿಗೆ ಮೊದಲು ಎಲ್ಲ ಕಡೆ ಸಹಿ ಹಾಕಿಸಿಕೊಳ್ಳುತ್ತಾರೆ ಅಲ್ವಾ, ನಾನೂ ಹಾಕಿದೆ. ಡಾಕ್ಟರ್ ಹತ್ತು ನಿಮಿಷ ಬಂದು ಗೆರೆ ಎಳೆದು ಹೋದರು. ಉಳಿದ ಕೆಲಸವೆಲ್ಲ ಟೆಕ್ನಿಷಿಯನ್ ಹುಡುಗರದ್ದು. ಇದೂ ಸರಿಯಲ್ಲ ಅಂತ ಆಮೇಲೆ ತಿಳೀತು. ಟೆಕ್ನಿಷಿಯನ್ನರು ಸಹಾಯ ಮಾಡಬಹುದು ಅಷ್ಟೇ, ಆಪರೇಷನ್ ತರಬೇತಿ ಪಡೆದ ಡಾಕ್ಟರೇ ಮಾಡಬೇಕು ಅಂತ ಡಾಕ್ಟರುಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ, ನ್ಯಾಷನಲ್ ಮೆಡಿಕಲ್ ಕಮಿಷನ್, 2022ರಲ್ಲೇ ಹೇಳಿದೆಯಂತೆ. ಇರಲಿ, ಅದು ಇನ್ನೊಂದು ಕಥೆ.

ಗುರುವಾರ ಸೈಟಿಗೆ ಹೋದೆ. ಹತ್ತು ದಿನ ಹೆಲ್ಮೆಟ್ ಬೇಡ ಅಂತ ಕ್ಲಿನಿಕ್ಕಿನವರು ಹೇಳಿದ್ದರು, ಹೆಲ್ಮೆಟ್ ಇಲ್ಲದೆ ಸೈಟ್ ಒಳಗೆ ಬಿಡೋದಿಲ್ಲ. ಹಾಗಾಗಿ ಗೇಟ್ ಹತ್ತಿರ ಕಾಂಕ್ರೀಟ್ ಲಾರಿಗಳ ಲೆಕ್ಕ ಬರೆಯುವ ಕೆಲಸ ಕೇಳಿ ತೆಗೆದುಕೊಂಡೆ. ಅಲ್ಲಿ ನೆರಳಿಲ್ಲ. ತಲೆಗೆ ಅವರ ಕ್ಯಾಪ್, ಎರಡು ಗಂಟೆಗೊಮ್ಮೆ ಅವರ ಸ್ಪ್ರೇ. ಹೇಳಿದ ಹಾಗೇ ಮಾಡಿದೆ. ಒಂದು ಸಲವೂ ತಪ್ಪಿಸಲಿಲ್ಲ. ಮೂರು ದಿನ, ಹನ್ನೊಂದರಿಂದ ನಾಲ್ಕು.

ನನಗೆ ಏನೂ ಗೊತ್ತಾಗಲೇ ಇಲ್ಲ. ನೋಡಿ, ಇದು ಎಲ್ಲರೂ ತಿಳಿದುಕೊಳ್ಳಬೇಕಾದ ವಿಷಯ. ಆಪರೇಷನ್ ಆದ ಮೇಲೆ ನೆತ್ತಿಗೆ ಜೋಮು ಹಿಡಿದ ಹಾಗಿರುತ್ತದೆ, ವಾರಗಟ್ಟಲೆ. ಬಿಸಿಲು ಸುಟ್ಟರೂ ಉರಿ ತಿಳಿಯೋದಿಲ್ಲ. ಶನಿವಾರ ಸಂಜೆ ಕ್ಯಾಪ್ ತೆಗೆದು ಮುಖ ತೊಳೆಯುವಾಗ ನಮ್ಮ ಕಲಬುರಗಿ ಕಡೆಯ ಮೇಸ್ತ್ರಿ ನೋಡಿದ. "ಸಾಹೇಬ್ರ, ನಿಮ್ಮ ತಲಿ ಸುಟ್ಟಂಗ ಆಗೇದಲ್ರೀ!" ಅಂದ. ಮೊಬೈಲಿನಲ್ಲಿ ಫೋಟೋ ತೆಗೆಸಿ ನೋಡಿದೆ. ಮುಂದಿನ ಭಾಗ ಕೆಂಪು ಕೆಂಪು, ಎರಡು ಕಡೆ ಸಣ್ಣ ನೀರುಗುಳ್ಳೆ, ಹಕ್ಕಳೆ ಒದ್ದೆಯಾಗಿ ಅಂಟಂಟು. ಹಿಂದೆ ಕೂದಲು ತೆಗೆದ ಜಾಗವೂ ಕೆಂಪು, ಯಾಕೆಂದರೆ ಆ ಕ್ಯಾಪಿಗೆ ಮುಂದೆ ಮಾತ್ರ ಅಂಚು, ಹಿಂದೆ ಏನೂ ಇಲ್ಲ. ಆಮೇಲೆ ಕ್ಯಾಪನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಮೇಲ್ಭಾಗ ಪೂರ್ತಿ ಜಾಲರಿ. ಬೆಳಕು ಸೀದಾ ಬರುತ್ತಿತ್ತು. ಇದಾ ಯುವಿ ಕ್ಯಾಪ್? 6,500 ರೂಪಾಯಿ ಕಿಟ್ಟಿನ ಕ್ಯಾಪ್ ಇದಾ? ಕೈ ನಡುಗಿತು.

ರಾತ್ರಿಯೇ ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಉತ್ತರ: "ಸರ್ ಕೆಂಪಾಗೋದು ನಾರ್ಮಲ್." ಗುಳ್ಳೆ ಇದೆ ಅಂದೆ. "ಸರ್ ಅದೂ ನಾರ್ಮಲ್, ಸ್ಪ್ರೇ ಕಂಟಿನ್ಯೂ ಮಾಡಿ." ಡಾಕ್ಟರ್ ಹತ್ತಿರ ಮಾತಾಡಿಸಿ ಅಂದೆ. "ಡಾಕ್ಟರ್ ಓಟಿಯಲ್ಲಿದ್ದಾರೆ." ರಾತ್ರಿ ಹತ್ತೂವರೆಗೆ ಓಟಿ, ಅಂದರೆ ಆಪರೇಷನ್ ಥಿಯೇಟರ್! ಭಾನುವಾರ ಫೋನ್ ಎತ್ತಲಿಲ್ಲ. ಸೋಮವಾರ ನಾನೇ ಹೋದೆ.

ಆ ಸೋಮವಾರವನ್ನು ನಾನು ಮರೆಯೋದಿಲ್ಲ. ಕ್ಯಾಪ್ ತೋರಿಸಿದೆ. ಜಾಲರಿ ಯಾಕೆ ಅಂತ ಕೇಳಿದೆ. "ಗಾಳಿ ಆಡಲಿ ಅಂತ ಸರ್." ಸರಿ, ಬಿಸಿಲು? ಆಗ ಆಕೆ, ಅದೇ ನಕ್ಕು ಮಾತಾಡಿದ್ದ ಕೌನ್ಸೆಲರ್, ನನ್ನ ಫೈಲ್ ತರಿಸಿ ನಾಲ್ಕನೇ ಪುಟ ತೆಗೆದು ನನ್ನ ಕಡೆ ತಿರುಗಿಸಿದಳು. ಸಣ್ಣ ಅಕ್ಷರ. 30 ದಿನ ನೇರ ಬಿಸಿಲಿಗೆ ಹೋಗಬಾರದು. 30 ದಿನ ನೆಟ್ಟ ಜಾಗಕ್ಕೆ ಸನ್‌ಸ್ಕ್ರೀನ್ ಹಚ್ಚಬಾರದು. ಕೆಳಗೆ ನನ್ನ ಸಹಿ. "ಸರ್, ನಾವು ಹೇಳಿದ್ದೇವೆ. ನೀವೇ ಕೇರ್ ತಗೊಂಡಿಲ್ಲ."

ಹಾಗಾದರೆ ಸನ್‌ಸ್ಕ್ರೀನ್ ಸ್ಪ್ರೇ ಕಿಟ್ಟಿನಲ್ಲಿ ಹಾಕಿ ಮಾರಿದ್ದು ಯಾರು? ಐದನೇ ದಿನ ಹೋಗಿ ಅಂದದ್ದು ಯಾರು? "ಅದು ಆಫೀಸಿನ ಡ್ಯೂಟಿಗೆ ಹೇಳಿದ್ದು ಸರ್, ಎಸಿ ಒಳಗೆ." ನಾನು ಸೈಟ್ ಅಂತ ಹೇಳಿದ್ದೆ! ಮೊದಲ ಮಾತೇ ಅದು! "ಸರ್ ನಮ್ಮ ರೆಕಾರ್ಡಿನಲ್ಲಿ ಹಾಗಿಲ್ಲ." ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ಹುಡುಗ ಹೆಸರು ಬರೆಸೋಕೆ ಕಾಯುತ್ತಿದ್ದ. ಅವನ ಮುಂದೆ ನಾನೇ ಸುಳ್ಳುಗಾರನ ಹಾಗೆ ಆದೆ. ಬಾಯಿ ಕಟ್ಟಿಹೋಯಿತು. ಎದ್ದು ಬಂದೆ, ಗಾಡಿ ಹತ್ತಿರ ನಿಂತು ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅದೇ ದಿನ ಬೇರೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಅರ್ಧ ಗಂಟೆ ಕೂರಿಸಿ ಹೇಳಿದ್ದನ್ನು ಕ್ಲಿನಿಕ್ಕಿನವರು ಐದು ನಿಮಿಷ ಹೇಳಿದ್ದರೆ ಸಾಕಿತ್ತು. ಒಂದೊಂದು ಗ್ರಾಫ್ಟಿಗೂ ಒಂದೊಂದು ಸಣ್ಣ ಗಾಯ, ಅಂದರೆ ತಲೆ ಮೇಲೆ 3,000 ಗಾಯ. ಮಾಯುತ್ತಿರುವ ಚರ್ಮಕ್ಕೆ ಬಿಸಿಲು ಬಿದ್ದರೆ ಊತ ಜಾಸ್ತಿ ಆಗುತ್ತದೆ, ಕಪ್ಪು ಕಲೆ ನಿಲ್ಲುತ್ತದೆ, ನಮ್ಮಂಥ ಬಣ್ಣದವರಿಗೆ ಅದು ಹೋಗೋಕೆ ತಿಂಗಳುಗಳೇ ಬೇಕು. ಹಸಿ ಗಾಯದ ಮೇಲೆ ಸನ್‌ಸ್ಕ್ರೀನ್ ಹಚ್ಚಲೇಬಾರದು, ಅದೇ ಬೇರೆ ಉರಿ ತರುತ್ತದೆ. ಗಾಯ ಪೂರ್ತಿ ಮಾಯ್ದ ಮೇಲೆ, ಸುಮಾರು ತಿಂಗಳ ನಂತರ, ಡಾಕ್ಟರ್ ನೋಡಿ ಒಪ್ಪಿದರೆ ಹಚ್ಚಬಹುದು. ಅಲ್ಲಿಯವರೆಗೆ ನೆರಳು, ಛತ್ರಿ, ಸುತ್ತ ಅಂಚಿರುವ ಸಡಿಲ ಬಟ್ಟೆ ಟೋಪಿ, ಅದೂ ಗ್ರಾಫ್ಟಿಗೆ ಉಜ್ಜದ ಹಾಗೆ. ಹೊರಗೆ ಹೋಗಲೇಬೇಕಿದ್ದರೆ ಬೆಳಿಗ್ಗೆ ಬೇಗ, ಇಲ್ಲಾ ಸಂಜೆ. ಮೋಡ ಇದ್ದರೂ ಯುವಿ ಬರುತ್ತದೆ, ಅದನ್ನೂ ಹೇಳಿದರು. ನಮ್ಮ ಕಡೆ ಬೇಸಿಗೆ ಮಧ್ಯಾಹ್ನ ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್, ಅಂದರೆ ಆ ಕಿರಣ ಎಷ್ಟು ಜೋರಾಗಿದೆ ಅನ್ನುವ ಅಳತೆ, 11 ದಾಟುತ್ತದೆ. 11 ಅಥವಾ ಅದರ ಮೇಲೆ ಅಂದರೆ ಅತೀ ಅಪಾಯದ ಮಟ್ಟ. ಅಂಥ ಬಿಸಿಲಲ್ಲಿ ಜಾಲರಿ ಕ್ಯಾಪ್ ಹಾಕಿ ನಿಂತಿದ್ದೆ ನಾನು.

ಇನ್ನೊಂದು ಸಂಕಟ ಏನೆಂದರೆ, ನೆಟ್ಟ ಕೂದಲು 2ರಿಂದ 6 ವಾರದೊಳಗೆ ಹೇಗಿದ್ದರೂ ಉದುರುತ್ತದೆ, ಬೇರು ಒಳಗೇ ಇರುತ್ತದೆ, 3-4 ತಿಂಗಳಿಗೆ ಮತ್ತೆ ಚಿಗುರುತ್ತದೆ. ಹಾಗಾಗಿ ಉದುರಿದ್ದು ಬಿಸಿಲಿಂದಲಾ, ಸಹಜವಾಗಿಯಾ ಅಂತ ಆಗ ಹೇಳೋಕೆ ಆಗಲಿಲ್ಲ. ಪೂರ್ತಿ ತಿಳಿಯೋಕೆ ಒಂದು ವರ್ಷ ಬೇಕಂತೆ. ಈಗ ನಾಲ್ಕು ತಿಂಗಳು. ಎಡಗಡೆ ಚಿಗುರು ಬಂದಿದೆ. ಬಲಗಡೆ ಗುಳ್ಳೆ ಎದ್ದಿದ್ದ ಜಾಗದಲ್ಲಿ ಕಪ್ಪು ಕಲೆ, ಕೂದಲು ತೀರಾ ಕಡಿಮೆ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಅದನ್ನೇ ನೋಡುತ್ತೇನೆ.

ನನ್ನ ಹಾಗೆ ಸೈಟ್, ಡೆಲಿವರಿ, ಸೇಲ್ಸ್, ಹೊಲ, ಯಾವುದೇ ಬಿಸಿಲಿನ ಕೆಲಸ ಇದ್ದರೆ ಒಂದು ತಿಂಗಳು ರಜೆ ಸಿಗುವಾಗ ಮಾತ್ರ ಮಾಡಿಸಿ. "ಎಷ್ಟು ದಿನ ಬಿಸಿಲು ಬೇಡ" ಅಂತ ವಾಟ್ಸಾಪಿನಲ್ಲೇ ಕೇಳಿ, ಬರಹದಲ್ಲಿ ಉತ್ತರ ಬಂದ ಮೇಲೆ ಅಡ್ವಾನ್ಸ್ ಕಟ್ಟಿ. ಸಹಿ ಹಾಕುವ ಕಾಗದ ಹಿಂದಿನ ದಿನವೇ ಮನೆಗೆ ಕೇಳಿ ತಂದು ಓದಿ. ಕೊಡೋದಿಲ್ಲ ಅಂದರೆ ಎದ್ದು ಬನ್ನಿ. ಅವರ ಕಿಟ್ ಬೇಡ. ಬೇಡವೇ ಬೇಡ.

ಕಿಟ್ಟಿನ ದುಡ್ಡಾದರೂ ವಾಪಸ್ ಕೊಡಿ ಅಂತ ಮೂರು ಸಲ ಬರೆದೆ. ಕಳೆದ ವಾರ ಉತ್ತರ ಬಂತು: "ಸರ್, ಬಲಗಡೆಗೆ 500 ಗ್ರಾಫ್ಟ್ ಟಚ್‌ಅಪ್ ಮಾಡೋಣ, ನಿಮಗೆ 10% ಡಿಸ್ಕೌಂಟ್." ನಾನು ಏನೂ ಬರೆದಿಲ್ಲ. ಆ ನಾಲ್ಕನೇ ಪುಟದ ಫೋಟೋ, ಜಾಲರಿ ಕ್ಯಾಪಿನ ಫೋಟೋ ಎರಡೂ ನನ್ನ ಹತ್ತಿರ ಇವೆ. ಯಾರಾದರೂ ಅಡ್ವಾನ್ಸ್ ಕಟ್ಟೋಕೆ ಹೊರಟಿದ್ದರೆ ಮೊದಲು ನನಗೆ ಮೆಸೇಜ್ ಮಾಡಿ, ಕಳಿಸುತ್ತೇನೆ. ರೂಮಿನ ಹುಡುಗನಿಗೆ ತೋರಿಸಿದೆ. ಅವನು ಹೋಗಲಿಲ್ಲ.